ತೆರಪಿಲ್ಲದವರ ತೆರಪಿನ ಶಿಕ್ಷಣ

ರವಿವಾರ ನಸುಕಿನಲ್ಲಿ ಪುಣೆಯ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ಹೋದರೆ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ಕರ್ನಾಟಕದ ಹಸಿಮೆಣಸಿನಕಾಯಿ, ಎಲೆಕೋಸು, ಬೆಂಗಳೂರು ಕಡೆಯ ಶುಂಠಿ, ಬೇಸಿಗೆಯಾದರೆ ನಮ್ಮ ಕಡೆಯ ಆಪೂಸು ಹೊತ್ತ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ವಾರದಲ್ಲಿ ಹೆಚ್ಚು ಮಾಲು ಬಂದು ಬೀಳುವ ದಿನ ಅದು. ಅಡತಿ ಅಂಗಡಿಗೆ ಇಲ್ಲಿ ಗಾಳಾ ಅನ್ನುತ್ತಾರೆ. ಅಂಥ ಒಂದು ಗಾಳಾದಲ್ಲಿ ಪಟ್ಟಿ ಬರೆಯುವ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಒಮ್ಮೆ ನನ್ನನ್ನು ತಡೆದು ಕೇಳಿದ: "ಸರ, ಮನ್ಯಾಗ ಕುಂತು ಡಿಗ್ರಿ ಮಾಡಬಹುದಂತ. ಖರೇನೊ ಸುಳ್ಳೊ?"

ಕಾಲೇಜಿನ ಕಚೇರಿಯಲ್ಲಿ ಅರ್ಜಿ, ಅಂಕಪಟ್ಟಿ, ಶುಲ್ಕದ ರಸೀದಿಗಳ ನಡುವೆ ಆಯುಷ್ಯ ಕಳೆದ ನನಗೆ ಹೌದು ಅನ್ನುವುದು ಸುಲಭವಿತ್ತು. ಆದರೆ ಅವನ ತಲೆಯಲ್ಲಿದ್ದ ಸಂಗತಿಗಳನ್ನು ಒಂದೊಂದಾಗಿ ಕೇಳುತ್ತ ಹೋದಂತೆ, ಅರ್ಧ ನಿಜ ಅರ್ಧ ಗಾಳಿಮಾತು ಎಂದು ಗೊತ್ತಾಯಿತು. ಅವನಷ್ಟೇ ಅಲ್ಲ, ಓದಿದವರೂ ಅದನ್ನೇ ಹೇಳುತ್ತಾರೆ. ಆ ತಪ್ಪು ಕಲ್ಪನೆಗಳನ್ನು ಇಲ್ಲಿ ಬಿಡಿಸಿಡುತ್ತೇನೆ.

ತಪ್ಪು ಕಲ್ಪನೆ: ಮನೆಯಲ್ಲಿ ಕುಳಿತು ಪದವಿ ಪಡೆಯುವುದು ಕೊರೊನಾ ಕಾಲದಲ್ಲಿ ಹುಟ್ಟಿದ್ದು.

ವಾಸ್ತವ: ಕೊರೊನಾದಲ್ಲಿ ಬಂದದ್ದು ಮೊಬೈಲ್ ಪರದೆಯ ಮೇಲಿನ ತರಗತಿ. ಮನೆಗೆ ಪಾಠ ಕಳಿಸುವ ಪದ್ಧತಿ ಅದಕ್ಕಿಂತ ಎರಡು ತಲೆಮಾರು ಹಳೆಯದು. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಪಾಠ ಶುರು ಮಾಡಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ರಾಜಸನ್ನದು ಸಿಕ್ಕಿದ್ದೂ 1969ರಲ್ಲೇ. ಅಲ್ಲಿ ಪಾಠ ಆರಂಭವಾದದ್ದು 1971ರಲ್ಲಿ. ಅಂದರೆ ಮೈಸೂರಿನ ಅಂಚೆ ಪಾಠ ಆ ಓಪನ್ ಯೂನಿವರ್ಸಿಟಿಯಿಂದ ಕಲಿತು ಬಂದದ್ದಲ್ಲ. ಹಮಾಲರ ಕೂಲಿ, ಕೆಲಸದ ಭದ್ರತೆಗಾಗಿ ಮಹಾರಾಷ್ಟ್ರ ಮಾಥಾಡಿ ಕಾನೂನು ತಂದದ್ದೂ ಅದೇ 1969ರಲ್ಲಿ. ಕಾಕತಾಳೀಯವೇ ಸರಿ, ಆದರೆ ಮಾರ್ಕೆಟ್ ಯಾರ್ಡ್‌ನಲ್ಲಿ ನಿಂತಾಗ ನನಗೆ ಈ ಎರಡೂ ಒಟ್ಟಿಗೇ ನೆನಪಾಗುತ್ತವೆ.

ಮೈಸೂರಿನವರು ತಮ್ಮ ಅಂಚೆ ಪಾಠದ ಸಂಸ್ಥೆಗೆ ಇಟ್ಟ ಹೆಸರಿನಲ್ಲಿ 'ಅಂಚೆ ಮತ್ತು ತೆರಪಿನ ಶಿಕ್ಷಣ' ಎಂದಿತ್ತು. ತೆರಪು ಅಂದರೆ ಬಿಡುವು, ಕೆಲಸ ಕೆಲಸದ ನಡುವಿನ ಸಂದು. ದೂರ ಶಿಕ್ಷಣ ಎಂಬ ಈಗಿನ ಮಾತು ಊರಿನಿಂದ ಊರಿಗೆ ಇರುವ ಅಂತರವನ್ನು ಹೇಳುತ್ತದೆ. ಹಳೆಯ ಹೆಸರು ಹೇಳಿದ್ದು ಸಮಯದ ಮಾತನ್ನು. ಯಾರಿಟ್ಟರೋ, ಕಾಯಿಲೆ ಎಲ್ಲಿದೆ ಎಂದು ಅವರಿಗೆ ಸರಿಯಾಗಿ ಗೊತ್ತಿತ್ತು. ಮುಂದೆ 1996ರಲ್ಲಿ ಆ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು, ತೆರಪು ಎಂಬ ಮಾತು ಹೆಸರಿನಿಂದ ಬಿದ್ದುಹೋಯಿತು.

ತಪ್ಪು ಕಲ್ಪನೆ: ಇದೆಲ್ಲ ಕಂಪ್ಯೂಟರಿನವರು ಕಟ್ಟಿದ್ದು, ವಿಶ್ವವಿದ್ಯಾಲಯದ ಆಡಳಿತಗಾರರು ಸಹಿ ಹಾಕಿದ್ದಷ್ಟೇ.

ವಾಸ್ತವ: ಪದವಿಯಲ್ಲಿ ಭೌತಶಾಸ್ತ್ರ ಓದಿದ ಅನೇಕ ಕನ್ನಡಿಗರ ಕಪಾಟಿನಲ್ಲಿ ತಾಕವಲೆ ಮತ್ತು ಪುರಾಣಿಕ ಬರೆದ ಕ್ಲಾಸಿಕಲ್ ಮೆಕ್ಯಾನಿಕ್ಸ್ ಪುಸ್ತಕ ಇದ್ದೀತು. ಆ ತಾಕವಲೆ ಯಾರು ಎಂದು ವಿಚಾರಿಸಿದವರು ಕಡಿಮೆ. ರಾಮ್ ತಾಕವಲೆ 1978ರಿಂದ 1984ರವರೆಗೆ ಪುಣೆ ವಿಶ್ವವಿದ್ಯಾಲಯದ ಕುಲಪತಿ. 1989ರ ಜುಲೈನಲ್ಲಿ ನಾಸಿಕದಲ್ಲಿ ಯಶವಂತರಾವ್ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಪತಿ. ಅಲ್ಲಿಂದ 1995ರಲ್ಲಿ ದೆಹಲಿಗೆ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಕುಲಪತಿಯಾಗಿ. ಪುಣೆಯಂಥ ದೊಡ್ಡ ವಿಶ್ವವಿದ್ಯಾಲಯದ ಗದ್ದುಗೆಯಲ್ಲಿ ಕೂತೆದ್ದ ಮನುಷ್ಯ, ತರಗತಿಯ ಕೋಣೆಗಳೇ ಇಲ್ಲದ ಹೊಸ ವಿಶ್ವವಿದ್ಯಾಲಯ ಕಟ್ಟಲು ಹೊರಟದ್ದು ಆಗಿನ ಲೆಕ್ಕದಲ್ಲಿ ಬಡ್ತಿಯೇನೂ ಅಲ್ಲ. 2023ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ನಾಸಿಕದಲ್ಲಿ ಆದದ್ದನ್ನು ನೋಡಿದರೆ ಆಡಳಿತ ಅಂದರೆ ಏನೆಂದು ತಿಳಿಯುತ್ತದೆ. ಹೊಸ ಕಟ್ಟಡ ಕಟ್ಟುವ ಬದಲು ಊರೂರಿನ ಕಾಲೇಜುಗಳಲ್ಲಿ ಖಾಲಿ ಬಿದ್ದಿರುವ ಹೊತ್ತನ್ನು, ಖಾಲಿ ಕೋಣೆಗಳನ್ನು ಹಿಡಿದು ಅಭ್ಯಾಸ ಕೇಂದ್ರಗಳನ್ನು ಮಾಡಿದರು. ಪುಸ್ತಕಗಳು ಮರಾಠಿಯಲ್ಲಿ, ಮೇಷ್ಟರು ಎದುರಿಗಿಲ್ಲದಿದ್ದರೂ ಒಬ್ಬನೇ ಓದಿಕೊಳ್ಳುವಂತೆ. ಶಾಲೆ ಅರ್ಧಕ್ಕೆ ನಿಂತವರಿಗೆ ಪೂರ್ವತಯಾರಿಯ ಒಂದು ಕೋರ್ಸು. ಅದನ್ನು ಮುಗಿಸಿದರೆ ಪದವಿಯ ಬಾಗಿಲು ತೆರೆಯುತ್ತಿತ್ತು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನ ತೋಟಗಾರಿಕೆಯ ಡಿಪ್ಲೊಮಾಗಳು: ಹಣ್ಣಿನ ತೋಟ, ತರಕಾರಿ, ಹೂವಿನ ಬೇಸಾಯ. ಮಾರ್ಕೆಟ್ ಯಾರ್ಡ್‌ನ ಹರಾಜಿಗೆ ಚೆಂಡುಹೂ ತರುವ ರೈತನನ್ನೂ ವಿದ್ಯಾರ್ಥಿ ಎಂದು ಕರೆಯಬಹುದು ಅನ್ನಿಸಿದ್ದು ಆ ವಿಶ್ವವಿದ್ಯಾಲಯಕ್ಕೆ. 'ಜ್ಞಾನಗಂಗಾ ಘರೋಘರಿ' ಎಂದು ಅದರ ಘೋಷವಾಕ್ಯ. ಘೋಷವಾಕ್ಯ ಯಾರು ಬೇಕಾದರೂ ಬರೆದಾರು. ಆ ಗಂಗೆ ಮನೆಯವರೆಗೆ ಹರಿಯಬೇಕಾದರೆ ಪಾರ್ಸೆಲ್, ಪಿನ್‌ಕೋಡ್, ಪರೀಕ್ಷಾ ಕೇಂದ್ರ, ಮೌಲ್ಯಮಾಪನದ ಗಡುವು ಎಂಬ ಕಾಲುವೆಗಳನ್ನು ಯಾರೋ ಕೂತು ತೋಡಬೇಕು.

ಈ ಕ್ಷೇತ್ರ ಕಟ್ಟಿದ ಉಳಿದವರನ್ನು ನೋಡಿ. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯವನ್ನೂ 1985ರಲ್ಲಿ ಇಗ್ನೋವನ್ನೂ ಕುಲಪತಿಯಾಗಿ ಆರಂಭಿಸಿದ ಜಿ. ರಾಮ್ ರೆಡ್ಡಿ ರಾಜ್ಯಶಾಸ್ತ್ರದವರು. ಇಗ್ನೋದಲ್ಲಿ ಅವರ ನಂತರ ಬಂದ ವಿ.ಸಿ. ಕುಳಂದೈಸ್ವಾಮಿ ಜಲವಿಜ್ಞಾನದ ಎಂಜಿನಿಯರು, ತಮಿಳು ಕವಿ. ತಾಕವಲೆ ಭೌತಶಾಸ್ತ್ರದವರು. ಮೈಸೂರಿನಲ್ಲಿ 1969ರಿಂದ ಕುಲಪತಿಯಾಗಿದ್ದ ದೇ. ಜವರೇಗೌಡರು ಕನ್ನಡದ ಮೇಷ್ಟರು. ಕಂಪ್ಯೂಟರು ಆಮೇಲೆ ಬಂತು.

ತಪ್ಪು ಕಲ್ಪನೆ: ಅಂಚೆ ಪದವಿಗೆ, ಆನ್‌ಲೈನ್ ಪದವಿಗೆ ಕಿಮ್ಮತ್ತಿಲ್ಲ.

ವಾಸ್ತವ: ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ದೂರ ಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಪಡೆದ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. 2020ರ ನಿಯಮಾವಳಿಯೇ ಅದಕ್ಕೆ ಆಧಾರ.

ಆದರೆ ಆ ಅನುಮಾನ ಆಕಾಶದಿಂದ ಉದುರಿದ್ದಲ್ಲ, ಇದನ್ನೂ ಹೇಳಬೇಕು. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ರಾಜ್ಯದ ಗಡಿ ದಾಟಿ ಹೊರಗೆಲ್ಲ ಕೇಂದ್ರಗಳನ್ನು ತೆರೆದು, ಖಾಸಗಿಯವರ ಕೈಗೆ ತಾಂತ್ರಿಕ ಕೋರ್ಸುಗಳನ್ನು ಕೊಟ್ಟಿತೆಂಬ ಕಾರಣಕ್ಕೆ 2012-13ರ ನಂತರ ಅದರ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ಇಲ್ಲವಾಯಿತು. ಮರಳಿ ಸಿಕ್ಕಿದ್ದು 2018ರಲ್ಲಿ. 'ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ' ಎಂದು ಬೋರ್ಡು ಹಾಕಿಕೊಂಡ ವಿಶ್ವವಿದ್ಯಾನಿಲಯಕ್ಕೆ 'ಎಲ್ಲೆಡೆ' ಎಂಬ ಮಾತೇ ಮುಳುವಾಯಿತು. ಆ ನಡುವಿನ ವರ್ಷಗಳಲ್ಲಿ ಅಂಕಪಟ್ಟಿ ಹಿಡಿದು ಅಲೆದವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಮೇಲೆ ಕೂತ ಆಡಳಿತದ ಒಂದು ತೀರ್ಮಾನ ಕೆಳಗೆ ಎಷ್ಟು ಮನೆಗಳ ಲೆಕ್ಕ ಕೆಡಿಸುತ್ತದೆ ಎಂಬುದಕ್ಕೆ ಕನ್ನಡಿಗರು ಬೇರೆ ಉದಾಹರಣೆ ಹುಡುಕಬೇಕಿಲ್ಲ.

ತಪ್ಪು ಕಲ್ಪನೆ: ದೂರ ಶಿಕ್ಷಣ, ಆನ್‌ಲೈನ್ ಶಿಕ್ಷಣ ಎರಡೂ ಒಂದೇ. ಪುಣೆಯಲ್ಲಿದ್ದುಕೊಂಡು ಯಾವ ರಾಜ್ಯದ್ದಾದರೂ ಮಾಡಬಹುದು.

ವಾಸ್ತವ: ನಿಯಮದಲ್ಲಿ ಎರಡೂ ಬೇರೆ. ದೂರ ಶಿಕ್ಷಣಕ್ಕೆ ಗಡಿಯಿದೆ; ರಾಜ್ಯದ ವಿಶ್ವವಿದ್ಯಾಲಯ ತನ್ನ ರಾಜ್ಯದೊಳಗೇ ಕೇಂದ್ರ ನಡೆಸಬೇಕು. ಹಾಗಾಗಿ ಮಾರ್ಕೆಟ್ ಯಾರ್ಡ್ ಪಕ್ಕದ ಯಾವುದೋ ಮಾಳಿಗೆಯ ಮೇಲೆ ಪರರಾಜ್ಯದ ಮುಕ್ತ ವಿಶ್ವವಿದ್ಯಾಲಯದ 'ಅಧಿಕೃತ ಕೇಂದ್ರ' ಎಂಬ ಫಲಕ ಕಂಡರೆ ಮೆಟ್ಟಿಲು ಹತ್ತಬೇಡಿ. ಆನ್‌ಲೈನ್ ಕೋರ್ಸಿಗೆ ಈ ಗಡಿ ಇಲ್ಲ, ಅನುಮತಿ ಪಡೆದ ಯಾವ ವಿಶ್ವವಿದ್ಯಾಲಯಕ್ಕೂ ಎಲ್ಲಿಂದಲೂ ಸೇರಬಹುದು. ಇಗ್ನೋ ಕೇಂದ್ರದ್ದು, ಅದಕ್ಕೆ ಇಡೀ ದೇಶವೇ ಅಂಗಳ.

ತಪ್ಪು ಕಲ್ಪನೆ: ಎಂಜಿನಿಯರಿಂಗ್, ನರ್ಸಿಂಗ್ ಕೂಡ ಹೀಗೆಯೇ ಮಾಡಬಹುದು.

ವಾಸ್ತವ: ಆಗದು. ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳು ಈ ದಾರಿಯಲ್ಲಿಲ್ಲ. 2025ರಿಂದ ಮನೋವಿಜ್ಞಾನ, ಪೌಷ್ಟಿಕಾಹಾರದಂಥ ಕೆಲವು ವಿಷಯಗಳೂ ಈ ಪಟ್ಟಿಗೆ ಸೇರಿವೆ. ಇನ್ನೊಂದು ಅಡ್ಡದಾರಿಯ ಮಾತು: ಮೂಲ ಪದವಿಯೇ ಇಲ್ಲದೆ ನೇರ ಎಂ.ಎ. ಮಾಡಿಬಿಡಬಹುದು ಎಂಬುದು. ಅಂಥ ಎಂ.ಎ. ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿಯಾಗಿದೆ.

ತಪ್ಪು ಕಲ್ಪನೆ: ಪುಸ್ತಕ ತೆರೆಯುವುದೂ ಬೇಡ, ಪರೀಕ್ಷೆ ಸುಲಭ.

ವಾಸ್ತವ: ಈ ಮಾತು ಹೇಳುವವರು ಸಾಮಾನ್ಯವಾಗಿ ಹೆಸರು ನೋಂದಾಯಿಸಿದವರು, ಮುಗಿಸಿದವರಲ್ಲ. ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದರೆ ಸುಮಾರು 30 ಗಂಟೆಯ ಓದು. ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟ್‌ಗಳಿಗೆ ಬಹುತೇಕ ಕೋರ್ಸುಗಳಲ್ಲಿ ನೂರಕ್ಕೆ 30ರಷ್ಟು ತೂಕ, ಅವಧಿಯ ಕೊನೆಯ ಪರೀಕ್ಷೆಗೆ 70. ಅಸೈನ್‌ಮೆಂಟ್ ಒಪ್ಪಿಸದೆ ಪರೀಕ್ಷೆ ಚೆನ್ನಾಗಿ ಬರೆದರೂ ಫಲಿತಾಂಶ ಪೂರ್ಣವಾಗುವುದಿಲ್ಲ. ನಾನು ಕಂಡ ಎಷ್ಟೋ ಜನ ಸಿಕ್ಕಿಬಿದ್ದದ್ದು ಇಲ್ಲಿ, ಕಷ್ಟದ ಪ್ರಶ್ನೆಪತ್ರಿಕೆಯಲ್ಲಲ್ಲ. ಅವಧಿ ಮಾತ್ರ ಉದಾರ: ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಬಹುದು.

ತಪ್ಪು ಕಲ್ಪನೆ: ಅರ್ಧಕ್ಕೆ ಬಿಟ್ಟವರು ಸೋಮಾರಿಗಳು, ಇಲ್ಲವೇ ದಡ್ಡರು.

ವಾಸ್ತವ: ಉಳಿದ ತಪ್ಪುಗಳಿಂದ ಹಣವೋ ವರ್ಷವೋ ಹೋದೀತು. ಇದರಿಂದ ಮನುಷ್ಯನೇ ಹೋಗುತ್ತಾನೆ, ತಾನೇ ದಡ್ಡನೆಂದು ಅವನೇ ನಂಬಿಬಿಡುತ್ತಾನೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಿಡುವವರು ಬಹಳ ಎಂಬುದು ನಿಜ, ಅದೂ ಜಗತ್ತಿನಾದ್ಯಂತ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಎಲ್ಲರಿಗೂ ತೆರೆದಿಟ್ಟ ಉಚಿತ ಆನ್‌ಲೈನ್ ಕೋರ್ಸುಗಳನ್ನು 2017-18ರಲ್ಲಿ ಮುಗಿಸಿದವರು ನೂರಕ್ಕೆ ಮೂವರ ಆಸುಪಾಸು ಎಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೆಕ್ಕ ಬಂತು. ಹಣ ಕಟ್ಟಿ ಪ್ರಮಾಣಪತ್ರಕ್ಕಾಗಿ ಸೇರಿದವರಲ್ಲಿ 46. ಪಾಠ ಅದೇ, ಮೇಷ್ಟರು ಅವರೇ. ಹೆಸರಾಂತ ಪ್ರಾಧ್ಯಾಪಕರ ವಿಡಿಯೊ ಹಾಕಿಬಿಟ್ಟರೆ ಶಿಕ್ಷಣ ತಾನಾಗಿಯೇ ಆಗುತ್ತದೆ ಎಂದು ನಂಬಿದವರಿಗೆ ಇದು ಒಳ್ಳೆಯ ಏಟು. ನಮ್ಮ ದೇಶದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ವೇದಿಕೆಯನ್ನು 2017ರಲ್ಲಿ ತೆರೆದಾಗಲೂ ಅದೇ ಉತ್ಸಾಹವಿತ್ತು.

ಹಾಗಾದರೆ ಬಿಡುವುದೇಕೆ? ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಹಟ ಹಿಡಿದು ಹುಡುಕಿದರು. ಅಲ್ಲಿ 2003ರ ಲೆಕ್ಕದಂತೆ, ಸೇರಿದವರಲ್ಲಿ ಪದವಿ ಮುಗಿಸುತ್ತಿದ್ದವರು ನೂರಕ್ಕೆ 32. ಹತ್ತು ಹನ್ನೆರಡು ವರ್ಷಗಳಲ್ಲಿ ಅದು 54 ಆಯಿತು. ಆ ಕೆಲಸದ ಮುಂದಾಳು ಟಿಮೊಥಿ ರೆನಿಕ್, ಧರ್ಮಗಳ ಅಧ್ಯಯನ ಹೇಳಿಕೊಡುತ್ತಿದ್ದ ಪ್ರಾಧ್ಯಾಪಕ, ಆಮೇಲೆ ಆಡಳಿತಕ್ಕೆ ಬಂದವರು. ಅವರು ಮಕ್ಕಳನ್ನು ಬದಲಾಯಿಸಲಿಲ್ಲ, ಕಚೇರಿಯನ್ನು ಬದಲಾಯಿಸಿದರು. ವಿದ್ಯಾರ್ಥಿ ತಪ್ಪು ವಿಷಯ ಆರಿಸಿಕೊಂಡರೆ, ಮುಖ್ಯ ವಿಷಯದಲ್ಲಿ ಅಂಕ ಕುಸಿದರೆ ಸಲಹೆಗಾರರಿಗೆ ಆಗಲೇ ಸುಳಿವು ಸಿಗುವ ವ್ಯವಸ್ಥೆ ಮಾಡಿದರು. ಇನ್ನೊಂದು ಸಂಗತಿ ಕಂಡಿತು: ಪದವಿಯ ಹೊಸ್ತಿಲಲ್ಲಿದ್ದವರೂ ಕೆಲವು ನೂರು ಡಾಲರ್ ಶುಲ್ಕ ಬಾಕಿಯಾಗಿ ಹೊರಗೆ ಬೀಳುತ್ತಿದ್ದರು. ಅವರು ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯ ಆ ಬಾಕಿಯನ್ನು ತುಂಬತೊಡಗಿತು.

ಈಗ ಮಾರ್ಕೆಟ್ ಯಾರ್ಡ್‌ಗೆ ಬನ್ನಿ. ತರಕಾರಿ, ಹಣ್ಣಿನ ವಿಭಾಗಕ್ಕೆ ಇಲ್ಲಿ ವಾರದ ರಜೆ ಶನಿವಾರ. ಕಾಲೇಜು ಕಟ್ಟಡ ಖಾಲಿ ಸಿಗುವುದು ರವಿವಾರ, ಆದ್ದರಿಂದ ಸಂಪರ್ಕ ತರಗತಿಗಳು ಹೆಚ್ಚಾಗಿ ರವಿವಾರ. ಪರೀಕ್ಷೆಯೂ ಎಷ್ಟೋ ಸಲ ರವಿವಾರ ಬೀಳುತ್ತದೆ. ಇಂಡಿಯ ಹುಡುಗ ನನಗೆ ಹೇಳಿದ್ದು ಇಷ್ಟೆ: "ರವಿವಾರ ಮಾಲು ಬರತದ ಸರ. ನಾ ಹ್ವಾದ್ರ ಪಟ್ಟಿ ಯಾರು ಬರೀಬೇಕು?" ರಾತ್ರಿ ಒಂದಕ್ಕೆದ್ದು ಮಧ್ಯಾಹ್ನದವರೆಗೆ ಲೆಕ್ಕ ಬರೆದವನು ಸಂಜೆ ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ. ಅದು ಸೋಮಾರಿತನ ಎಂದವರು ಒಂದು ರಾತ್ರಿ ಗಾಳಾದಲ್ಲಿ ಕೂತು ನೋಡಲಿ. ಉದ್ಯೋಗಸ್ಥರಿಗೆಂದು ರವಿವಾರ ತರಗತಿ ಇಟ್ಟವರು ಒಳ್ಳೆಯ ಮನಸ್ಸಿನಿಂದಲೇ ಇಟ್ಟರು. ಅವರ ಕಣ್ಣೆದುರಿದ್ದ ಉದ್ಯೋಗಸ್ಥ ಕಚೇರಿಯ ಗುಮಾಸ್ತ. ಹಮಾಲ, ತೂಕದವನು, ಪಟ್ಟಿ ಬರೆಯುವವನು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಪುಸ್ತಕದ ಪಾರ್ಸೆಲ್ಲಿನದು ಇನ್ನೊಂದು ಕತೆ. ನನಗೆ ಗೊತ್ತಿದ್ದ ಒಬ್ಬ ಹೆಣ್ಣುಮಗಳು ಹೂವಿನ ವಿಭಾಗದಲ್ಲಿ ಮಾಲೆ ಕಟ್ಟುತ್ತ ಬಿ.ಎ.ಗೆ ಸೇರಿದ್ದಳು, ಅವಳ ಪುಸ್ತಕಗಳು ಪರೀಕ್ಷೆ ಮುಗಿದ ಮೇಲೆ ಬಂದವು. ಬಾಡಿಗೆ ಮನೆ ಬದಲಾಗಿತ್ತು, ಹೊಸ ವಿಳಾಸ ತಿಳಿಸುವ ಅರ್ಜಿ ಎಲ್ಲೋ ಕೂತಿತ್ತು. ವಿಶ್ವವಿದ್ಯಾಲಯದ ಕಡತದಲ್ಲಿ ಅವಳು 'ಗೈರುಹಾಜರು'. ಕಾಲೇಜು ಕಚೇರಿಯಲ್ಲಿ ಕೂತು ನಾನೇ ಅಂಥ ಎಷ್ಟು ಹೆಸರುಗಳ ಮುಂದೆ ಆ ಶಬ್ದ ಬರೆದಿದ್ದೇನೋ, ಒಬ್ಬರಿಗಾದರೂ ಫೋನು ಮಾಡಿ ಕೇಳಿದ ನೆನಪಿಲ್ಲ.

ವಿದ್ಯಾರ್ಥಿಯ ಯಶಸ್ಸು ಎಂದು ಈಗ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರೆ. ಕೆಳಗಿಳಿದು ನೋಡಿದರೆ ಅದು ಒಂದು ಫೋನು, ಬದಲಾದ ಒಂದು ವಿಳಾಸ, ಪರೀಕ್ಷಾ ಶುಲ್ಕದ ಒಂದು ಗಡುವು. ಇವನ್ನು ಸರಿಯಾಗಿ ನೋಡಿಕೊಳ್ಳುವ ಆಡಳಿತಗಾರ ವಿದ್ಯಾರ್ಥಿಗೆ ತೆರಪು ಮಾಡಿಕೊಡುತ್ತಾನೆ. ಅದಾಗದಿದ್ದಲ್ಲಿ ವಿಡಿಯೊ ಎಷ್ಟು ಚೆಂದವಿದ್ದರೂ ಅಷ್ಟೇ.

ತಪ್ಪು ಕಲ್ಪನೆ: ಏಜೆಂಟನಿಗೆ ಒಂದಿಷ್ಟು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ವಾಸ್ತವ: ಮಾರ್ಕೆಟ್ ಯಾರ್ಡ್‌ನಲ್ಲಿ ದಲಾಲರಿಲ್ಲದೆ ಮಾಲು ಮಾರಾಟವಾಗುವುದಿಲ್ಲ, ಹಾಗಾಗಿ ಪ್ರವೇಶಕ್ಕೂ ದಲಾಲ ಬೇಕೆಂದು ಇಲ್ಲಿಯವರು ಸಹಜವಾಗಿ ಎಣಿಸುತ್ತಾರೆ. ಬೇಕಿಲ್ಲ. ಯುಜಿಸಿಯ ದೂರ ಶಿಕ್ಷಣ ವಿಭಾಗ, ಅಂದರೆ ಡಿಇಬಿ, ಯಾವ ವಿಶ್ವವಿದ್ಯಾಲಯಕ್ಕೆ ಯಾವ ವರ್ಷ ಯಾವ ಕೋರ್ಸಿಗೆ ಅನುಮತಿ ಇದೆಯೆಂದು ಪಟ್ಟಿ ಹಾಕುತ್ತದೆ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು, ನಿಮ್ಮ ಕೋರ್ಸು ಮತ್ತು ನೀವು ಸೇರುವ ವರ್ಷ ಅದರಲ್ಲಿರಬೇಕು. 2024ರಿಂದ ಪ್ರತಿ ವಿದ್ಯಾರ್ಥಿಯೂ ತನ್ನದೇ ಡಿಇಬಿ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಬೇಕು. ಅದಕ್ಕೆ ಮೊದಲು ಎಬಿಸಿ, ಅಂದರೆ ಓದಿನ ಕ್ರೆಡಿಟ್‌ಗಳನ್ನು ಜಮಾ ಇಡುವ ಬ್ಯಾಂಕಿನ ಖಾತೆ ಬೇಕು. ಎರಡಕ್ಕೂ ಹಣವಿಲ್ಲ, ಆಧಾರ್ ಕಾರ್ಡು ಮತ್ತು ನಿಮ್ಮದೇ ಮೊಬೈಲ್ ನಂಬರು ಸಾಕು. ಏಜೆಂಟನ ನಂಬರು ಕೊಟ್ಟಿರೋ, ಮುಂದೆ ಹಾಲ್ ಟಿಕೆಟ್ಟಿನ ಸಂದೇಶವೂ ಅವನಿಗೇ ಹೋಗುತ್ತದೆ, ಅದನ್ನು ಬಿಡಿಸಿಕೊಳ್ಳಲು ಮತ್ತೆ ಹಣ. ಫ್ರಾಂಚೈಸಿ ಕೊಟ್ಟು ಪದವಿ ನಡೆಸುವುದನ್ನು ಯುಜಿಸಿ ನಿಷೇಧಿಸಿದೆ.

ಇಂಡಿಯ ಹುಡುಗ ಶನಿವಾರ ಓದುತ್ತೇನೆ ಅಂದಿದ್ದಾನೆ. ಅವನ ಎಬಿಸಿ ಖಾತೆ ನನ್ನ ಮನೆಯ ಮೇಜಿನ ಮೇಲೇ ಆಯಿತು, ಅವನದೇ ನಂಬರಿನಲ್ಲಿ.

ಗಾಳಾದ ಯಜಮಾನರಲ್ಲಿ ಒಂದು ವಿನಂತಿ. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ನಿಮ್ಮ ಹುಡುಗ ಹಾಲ್ ಟಿಕೆಟ್ ತಂದು ತೋರಿಸಿದರೆ ಆ ರವಿವಾರ ಪಟ್ಟಿ ಬರೆಯಲು ಇನ್ನೊಬ್ಬರನ್ನು ಕೂರಿಸಿ, ಅವನ ಆ ದಿನದ ಪಗಾರ ಕಡಿಯಬೇಡಿ.